ಮೂರನೆಯ ಕೌದಿ

ಮೊನ್ನೆ ಯಾದಗಿರಿಯಲ್ಲಿ ಹೆಣ್ಣುಮಕ್ಕಳ ಸಂಘಗಳಿಗೆ ಒಂದು ತರಬೇತಿ ಇತ್ತು. ಮನೆಯಲ್ಲಿ ಮಾಡಿದ ಮಾಲನ್ನು ಆನ್‌ಲೈನ್‌ನಲ್ಲಿ ಮಾರುವುದು ಹೇಗೆ ಎಂಬುದು ವಿಷಯ. ಒಂದು ಕಾಲಕ್ಕೆ, ಬಟ್ಟೆಯ ಪದರ ಕೂಡಿಸಿ ಕೈಯಲ್ಲಿ ಹೊಲಿಯುವ ಕೌದಿ ಮಾರಿ ಒಂದಿಷ್ಟು ಹೆಸರಾದವಳು ಎಂದು ನನ್ನನ್ನೂ ಕರೆದಿದ್ದರು. ತರಬೇತಿ ಕೊಡಲು ಬಂದವನು ಪರದೆಯ ಮೇಲೆ ಚೌಕಗಳನ್ನೂ ಬಾಣಗಳನ್ನೂ ತೋರಿಸಿ ತೋರಿಸಿ ದಣಿದು, ಕೊನೆಗೆ ಮೈಕನ್ನು ನನ್ನ ಕೈಗೆ ಕೊಟ್ಟ. ನಿಮ್ಮ ಬಿಸಿನೆಸ್ ಮಾಡೆಲ್ ಹೇಗೆ ರೂಪಿಸಿಕೊಂಡಿರಿ, ನಮ್ಮ ಅಕ್ಕಂದಿರಿಗೆ ಹೇಳಿ ಎಂದ. ಗಿರಾಕಿಯ ಫೋನ್ ನಂಬರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಒಂದು ಕರವಸ್ತ್ರವನ್ನೂ ಮಾರಬೇಡಿ ಎಂದು ಹೇಳಿ ಕುಳಿತುಬಿಟ್ಟೆ. ಅವನ ಮುಖ ಸಪ್ಪಗಾಯಿತು. ಅವನ ಬಾಣಗಳೆಲ್ಲ ಬೇರೆ ಕಡೆ ಹೋಗುತ್ತಿದ್ದವು.

ಅಷ್ಟು ಮಂದಿಯ ಮುಂದೆ ಉಳಿದದ್ದನ್ನು ಹೇಳುವ ಧೈರ್ಯ ನನಗೆ ಆಗಲಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಸುರಪುರ. ಈ ವ್ಯಾಪಾರ ಶುರು ಮಾಡಿದವರು ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ಅವಳಿರುವುದು ಶಹಾಪುರದಲ್ಲಿ, ಮೈದುನನ ಅರಿವೆ ಅಂಗಡಿಯ ಮೇಲಿನ ಮನೆಯಲ್ಲಿ. ನಾನು ಮಾತಿಗೆ ಮುಂಚೆ ಸಿಟ್ಟಾಗುವವಳು, ಅವಳು ಸಿಟ್ಟು ಬಂದರೆ ಮಾತು ಬಿಡುವವಳು. ಇಬ್ಬರೂ ಸೇರಿ ಕಂಪನಿ ಕಟ್ಟುತ್ತೇವೆ ಎಂದಾಗ ಮನೆಯ ಗಂಡಸರು ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ. ಕೌದಿ ಹೊಲಿಯುವವರು ಕಕ್ಕೇರಾದಲ್ಲಿ ಕೆಲವರು, ದೋರನಹಳ್ಳಿಯಲ್ಲಿ ಕೆಲವರು. ಹೊಲದ ಕೆಲಸ ಇಲ್ಲದ ದಿನ ಹೊಲಿಯುತ್ತಿದ್ದರು. ಕಕ್ಕೇರಾದವರಿಗೆಲ್ಲ ಹಿರಿಯಳು ಒಬ್ಬಳಿದ್ದಳು. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಅವಳ ಮನೆಯ ಮುಂದಿನ, ಪರಸಿಗಲ್ಲಿನ ಚಪ್ಪಡಿ ಹಾಸಿದ ಅಂಗಳವೇ ನಮ್ಮ ಕಾರ್ಖಾನೆ.

ಮೊದಲು ಗುರುತಿನವರಿಗೆ ಮಾರಲು ನೋಡಿದೆವು. ಫೋನಿನಲ್ಲಿ ಫೋಟೊ ಕಳಿಸುವುದು, ಅವರು ಹೊಗಳುವುದು, ಆಮೇಲೆ ನಮ್ಮವರೇ ಅಲ್ಲವೇ ಎಂದು ಉಡುಗೊರೆ ಬಯಸುವುದು. ಹೊಗಳಿಕೆಗೆ ಬರವಿರಲಿಲ್ಲ, ಕೌದಿ ಮಾತ್ರ ಮನೆಯಲ್ಲೇ ಉಳಿಯಿತು. ಗುರುತಿನವರಿಗೆ ಮಾರುವುದು ವ್ಯಾಪಾರವಲ್ಲ, ಬೀಗತನ ಎಂದು ನೆಗೆಣ್ಣಿ ಹೇಳಿದಳು. ಗುರುತಿಲ್ಲದವರನ್ನು ಹುಡುಕಬೇಕಿತ್ತು. ಹಾಗೆ ನಾವು ಒಂದು ಆ್ಯಪ್ ಸೇರಿದೆವು. ಸಾವಿರಾರು ಅಂಗಡಿಗಳು ಒಂದೇ ಸೂರಿನಡಿ ಇರುವ ಸಂತೆ ಅದು. ಅವರು ಗಿರಾಕಿ ತರುತ್ತಾರೆ, ನಾವು ಮಾಲು ಕೊಡುತ್ತೇವೆ, ನಡುವೆ ಅವರ ಪಾಲು ಅವರು ಹಿಡಿದುಕೊಳ್ಳುತ್ತಾರೆ. ಗಿರಾಕಿ ಯಾರು, ಎಲ್ಲಿಯವರು ಎಂಬುದು ನಮಗೆ ಬೇಕಾಗಿಲ್ಲ ಎಂದು ಸೇರುವಾಗಲೇ ಒಪ್ಪಿಕೊಂಡಿದ್ದೆವು. ಆಗ ಅದೊಂದು ಸುಖವೆಂದೇ ಅನ್ನಿಸಿತ್ತು. ಯಾರೂ ಮನೆಯ ಬಾಗಿಲಿಗೆ ಬಂದು ಚೌಕಾಸಿ ಮಾಡುವುದಿಲ್ಲವಲ್ಲ.

ಅಲ್ಲಿಂದಾಚೆಗೆ ನಮ್ಮ ವ್ಯಾಪಾರದ ಆಕಾರ ಬದಲಾದದ್ದೆಲ್ಲ ಅಂಜಿಕೆಯಿಂದಲೇ. ಪುಸ್ತಕದಲ್ಲಿ ಏನು ಬರೆದಿದ್ದಾರೋ ನನಗೆ ತಿಳಿಯದು, ನಾವು ಮಾತ್ರ ಪ್ರತಿ ಸಲ ಪೆಟ್ಟು ತಿಂದ ಕಡೆಯಿಂದ ಹಿಂದೆ ಸರಿದು ಸರಿದು ಒಂದು ಜಾಗಕ್ಕೆ ಬಂದು ನಿಂತೆವು. ದೊಡ್ಡ ಕೌದಿ ಕಳಿಸಿದರೆ ಗಿರಾಕಿಗಳು ಮನೆಗೆ ಬಂದ ನೆಂಟರಿಗೆ ಹೊಚ್ಚಿ, ನೆಂಟರು ಹೋದ ಮೇಲೆ ಹಿಂದಕ್ಕೆ ಕಳಿಸುತ್ತಿದ್ದರು. ವಾಪಸ್ ಬಂದ ಕೌದಿ ಬಿಚ್ಚಿದರೆ ಯಾರದೋ ತಲೆಯೆಣ್ಣೆಯ ವಾಸನೆ. ಅದನ್ನು ಮತ್ತೆ ಮಾರುವಂತಿಲ್ಲ, ಜಗಳವಾಡಲು ಎದುರಿಗೆ ಯಾರೂ ಇಲ್ಲ. ನಾನು ಫೋನನ್ನೇ ಬೈದು ಸುಮ್ಮನಾಗುತ್ತಿದ್ದೆ.

ಆಮೇಲೆ ಇರುವೆಯ ದೂರು ಬಂತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಜೋಳವನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಇದ್ದರೆ ಹೊಚ್ಚಿಕೊಂಡವರ ಹೊಟ್ಟೆಯೂ ಖಾಲಿಯಾಗುತ್ತದೆ ಎಂದು ನಂಬಿಕೆ. ದೂರದ ಊರಿನ ಯಾರಿಗೋ ಆ ತುತ್ತಿನಿಂದ ಇರುವೆ ಹತ್ತಿ, ಅವರು ಫೋಟೊ ತೆಗೆದು ಹಾಕಿದರು. ಆ್ಯಪ್‌ನವರು ಎಚ್ಚರಿಕೆ ಕೊಟ್ಟರು. ತುತ್ತು ಇಡುವುದನ್ನು ನಿಲ್ಲಿಸಿ ಎಂದು ನಾನು ಕಕ್ಕೇರಾಕ್ಕೆ ಹೋಗಿ ಹೇಳಿ ಬಂದೆ. ಆಯಿ ಎರಡು ದಿನ ಸೂಜಿ ಮುಟ್ಟಲಿಲ್ಲ. ಮೂರನೆಯ ದಿನ ಹೊಲಿಯಲು ಕುಳಿತಳು, ಆದರೆ ಮೂಲೆ ಮುಚ್ಚುವ ಕೆಲಸವನ್ನು ಬೇರೆಯವರಿಗೆ ಬಿಟ್ಟಳು.

ಕೊನೆಗೆ ದಾರಿ ತೋರಿಸಿದವಳು ನೆಗೆಣ್ಣಿ. ಶಹಾಪುರದ ಅಂಗಡಿಯ ಗಲ್ಲಾದ ಹತ್ತಿರ ಕುಳಿತು ಜನರನ್ನು ನೋಡಿದ ತಲೆ ಅದು. "ಅಕ್ಕಾ, ದೊಡ್ಡ ಕೌದಿ ಕಳಿಸಿ ಕಳಿಸಿ ಕೊರಿಯರ್‌ನವರ ಹೊಟ್ಟಿ ತುಂಬಸಾಕತ್ತೀವಿ. ಕೂಸಿನ ಕೌದಿ ಮಾಡೂನು. ಕೂಸಿನ ಅರಿವಿ ಯಾರೂ ವಾಪಸ್ ಕಳಸಂಗಿಲ್ಲ" ಎಂದಳು.

ಅವಳ ಮಾತು ನಿಜವಾಯಿತು. ಕೂಸಿನ ಕೌದಿ ಚಿಕ್ಕದು, ಹಗುರ, ಬೇಗ ಮುಗಿಯುತ್ತದೆ. ಮೈದುನನ ಅಂಗಡಿಯಿಂದ ಮೆತ್ತಗಿನ ಹತ್ತಿ ಬಟ್ಟೆ ತಂದು ಎರಡು ಸಲ ಒಗೆದು ಹೊಲಿಯಲು ಕೊಡುತ್ತಿದ್ದೆವು. ಆರ್ಡರ್ ಬಂದ ಮರುದಿನವೇ ಮಾಲು ಹೊರಡಿಸಿದರೆ ಆ್ಯಪ್ ನಮ್ಮನ್ನು ಮೇಲಿನ ಸಾಲಿನಲ್ಲಿ ತೋರಿಸುತ್ತಿತ್ತು, ತಡವಾದರೆ ಯಾರೂ ನೋಡದ ತಳಕ್ಕೆ ತಳ್ಳುತ್ತಿತ್ತು. ಹಾಗಾಗಿ ಅವಸರವೂ ನಮ್ಮ ವ್ಯಾಪಾರದ ಒಂದು ಭಾಗವಾಯಿತು. ಸಂಜೆ ಹೊಲಿದು ಮುಗಿಸಿದ್ದು ಕೊನೆಯ ಬಸ್ಸಿಗೆ ಸುರಪುರಕ್ಕೆ ಬರಬೇಕು, ಬೆಳಿಗ್ಗೆ ನಾನು ಮಡಿಚಿ ಕಟ್ಟಬೇಕು, ಕೊರಿಯರ್ ಗಾಡಿ ಬಂದು ಒಯ್ಯಬೇಕು. ದೋರನಹಳ್ಳಿಯ ಒಬ್ಬಾಕೆ ಇದೇ ದುಡಿಮೆಯಲ್ಲಿ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಕಕ್ಕೇರಾದ ಇಬ್ಬರು ಬೇರೆಯವರ ಹೊಲದ ಕೂಲಿಗೆ ಹೋಗುವುದನ್ನೇ ಬಿಟ್ಟಿದ್ದರು. ಹೆಣ್ಣುಮಕ್ಕಳು ನನಗೆ ಕೈಮುಗಿಯುವಾಗ ಮುಜುಗರವೂ ಆಗುತ್ತಿತ್ತು, ಒಳಗೊಳಗೆ ಹಿಗ್ಗೂ ಆಗುತ್ತಿತ್ತು. ನಮ್ಮ ಮಾಡೆಲ್ ಈಗ ಸರಿಯಾಗಿ ಕೂತಿತು ಎಂದುಕೊಂಡೆವು.

ಒಂದು ದಿನ ಬೆಳಿಗ್ಗೆ, ಗಾಡಿ ಬಂದು ಕಕ್ಕೇರಾದ ಮೂರು ಕೌದಿ ಒಯ್ದು ಎಷ್ಟೋ ಹೊತ್ತಾದ ಮೇಲೆ, ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ಆಯಿಯ ಫೋನ್ ಬಂತು. ಅದುವರೆಗೆ ಅವಳಾಗಿ ಫೋನ್ ಮಾಡಿದವಳೇ ಅಲ್ಲ.

"ನಿನ್ನಿ ಸಂಜಿಕ ಒಂದು ಸೂಜಿ ಕಾಣಲಿಲ್ಲವ್ವಾ. ದೀಪ ಹಚ್ಚಿಬಿಟ್ಟಿದ್ದೆ, ಹ್ಯಾಂಗ ಹೇಳ್ಲಿ? ಮುಂಜಾನೆದ್ದು ಅಂಗಳದ ಕಸ ಎಲ್ಲಾ ಸೋಸೀನಿ. ಸಿಗವಲ್ದು. ಕೌದ್ಯಾಗ ಏನಾರ ಹೋತೇನೋ ಅಂತ ಜೀವ ಡವಡವ ಅನ್ನಾಕತ್ತದ."

ನನ್ನ ಕೈಯ ಹಿಟ್ಟು ಹಾಗೇ ಒಣಗಿತು. ಸಿಟ್ಟಾಗಬೇಕಿತ್ತು, ಆಗಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಸೂಜಿಯ ಹೆಸರು ಎತ್ತುವುದಿಲ್ಲ. ಕೇಳುವುದಿಲ್ಲ, ಕೊಡುವುದಿಲ್ಲ, ಕಳೆದರೆ ಕಳೆಯಿತು ಎಂದೂ ಹೇಳುವುದಿಲ್ಲ. ಹೇಳಿದರೆ ಮನೆಗೆ ಕೇಡು. ನನ್ನ ತಾಯಿಯೂ ಹಾಗೇ ಇದ್ದಳು, ನಾನೂ ಹಾಗೇ ಇದ್ದೇನೆ. ನಾನೇ ಆ ಅಂಗಳದಲ್ಲಿ ಇದ್ದಿದ್ದರೂ ಬೆಳಗಾಗುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆ ಒಂದು ಸಂಜೆ ಆಯಿ ಬಾಯಿ ಬಿಟ್ಟಿದ್ದರೆ ಕೌದಿಗಳು ಬಸ್ಸೇ ಹತ್ತುತ್ತಿರಲಿಲ್ಲ.

ಕೌದಿಯೆಂದರೆ ಪದರದ ಮೇಲೆ ಪದರ. ಒಲೆಯ ಮೇಲಿನ ಅನ್ನ ನೋಡಲು ಏಳುವವಳು ಸೂಜಿಯನ್ನು ಕೌದಿಗೇ ಚುಚ್ಚಿ ಹೋಗುತ್ತಾಳೆ. ದಾರ ಮುಗಿದಿದ್ದರೆ ಆ ಸೂಜಿ ಪದರದೊಳಗೆ ಜಾರಿ, ಹೊಲಿಗೆಯ ಸಾಲಿನ ಜೊತೆಗೇ ಮಲಗಿಬಿಡಬಹುದು. ಕಟ್ಟುವ ಮೊದಲು ನಾನು ಅಂಗೈಯಿಂದ ಒತ್ತಿ ನೋಡುವುದುಂಟು. ಆ ಬೆಳಿಗ್ಗೆಯೂ ನೋಡಿದ್ದೆ. ಆದರೆ ಎಷ್ಟು ಒತ್ತಿದ್ದೆ, ಎಲ್ಲೆಲ್ಲಿ ಒತ್ತಿದ್ದೆ ಎಂದು ಎಷ್ಟು ನೆನಪು ಮಾಡಿಕೊಂಡರೂ ನನ್ನ ಅಂಗೈಗೆ ಏನೂ ನೆನಪಾಗಲಿಲ್ಲ. ಅದರ ಮೇಲೆ ಒಂದು ಕೂಸು ಹೊರಳುತ್ತದೆ ಎಂಬುದೊಂದೇ ಕಣ್ಣೆದುರು ಬರುತ್ತಿತ್ತು.

ನೆಗೆಣ್ಣಿಗೆ ಫೋನ್ ಮಾಡಿ ಶಹಾಪುರಕ್ಕೆ ಬಸ್ಸು ಹತ್ತಿದೆ. ಸುರಪುರದ ಪಾರ್ಸೆಲ್‌ಗಳೆಲ್ಲ ಅಲ್ಲಿಯ ಕೊರಿಯರ್ ಆಫೀಸಿಗೆ ಹೋಗಿ, ಅಲ್ಲಿಂದ ಕಲಬುರಗಿಗೆ ಸಾಗುತ್ತವೆ. ದಾರಿಯಲ್ಲಿ ಹತ್ತಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಬಸ್ಸಿನಲ್ಲಿ ಎಲ್ಲರೂ ಫೋನ್ ನೋಡುತ್ತ ಕುಳಿತಿದ್ದರು. ನಾನೊಬ್ಬಳೇ ಎದ್ದು ಹೋಗಿ ಡ್ರೈವರನ ಜೊತೆ ಜಗಳ ತೆಗೆದೆ. ಅವನು ಲಾರಿಯ ಕಡೆ ಕೈತೋರಿಸಿದ. ಅವನೇನು ಮಾಡಿಯಾನು? ಮತ್ತೆ ಬಂದು ಕುಳಿತೆ. ಮುಂದಿನ ಸೀಟಿನಲ್ಲಿ ಒಬ್ಬ ಬಾಣಂತಿ ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಅದು ನನ್ನನ್ನೇ ನೋಡುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನೆಗೆಣ್ಣಿ ಆಗಲೇ ಕೊರಿಯರ್ ಆಫೀಸಿನ ಮುಂದೆ ನಿಂತಿದ್ದಳು. ಒಳಗಿದ್ದವನು, ಒಮ್ಮೆ ಸ್ಕ್ಯಾನ್ ಆದ ಮಾಲು ನಿಮ್ಮದಲ್ಲ, ಮುಟ್ಟಲು ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದ. ಅವನು ಹೇಳಿದ್ದು ಕಾನೂನು. ನೆಗೆಣ್ಣಿ ಕಾನೂನು ಮಾತಾಡಲಿಲ್ಲ, ಹಬ್ಬಕ್ಕೆ ಅವನ ಮನೆಯವರು ಯಾವ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳುತ್ತಾರೆ ಎಂದು ನೆನಪಿಸಿದಳು. ಅವನು ಎದ್ದು ಹೋಗಿ ಎರಡು ಪಾರ್ಸೆಲ್ ತಂದು ಟೇಬಲ್ಲಿನ ಮೇಲಿಟ್ಟು, ತನ್ನ ಕಣ್ಣೆದುರೇ ಬಿಚ್ಚಿ ಕಣ್ಣೆದುರೇ ಮುಚ್ಚಬೇಕು ಎಂದ. ಮೂರನೆಯದು ಎಲ್ಲಿ ಎಂದು ಕೇಳಿದೆ. ಅದು ದೂರದ್ದು, ಬೇಗ ಹೋಗಬೇಕಾದದ್ದು, ಮೊದಲ ಗಾಡಿಗೇ ಕಲಬುರಗಿಗೆ ಹೋಯಿತು ಎಂದ.

ಎರಡನ್ನೂ ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿ, ನಾನೊಂದು ತುದಿಯಿಂದ ಅವಳೊಂದು ತುದಿಯಿಂದ ಬೆರಳಗಲ ಬೆರಳಗಲ ಹಿಚುಕುತ್ತ ಬಂದೆವು. ಸೂಜಿ ಚುಚ್ಚಿಬಿಡಲಿ ಎಂದು ಬೇಡಿಕೊಳ್ಳುತ್ತ ಹಿಚುಕುತ್ತಿದ್ದೆ. ಚುಚ್ಚಿ ರಕ್ತ ಬಂದಿದ್ದರೆ ಆ ಟೇಬಲ್ಲಿಗೇ ಕೈಮುಗಿಯುತ್ತಿದ್ದೆ. ಏನೂ ಚುಚ್ಚಲಿಲ್ಲ. ಅವೆರಡನ್ನೂ ಮುಚ್ಚಿ ಅಂಟಿಸಿ ಕೊಟ್ಟು ಹೊರಗೆ ಬಂದೆವು.

ಮೂರನೆಯದು ಯಾರಿಗೆ ಹೋಗುತ್ತಿದೆ? ನಮಗೆ ಗೊತ್ತಿರಲಿಲ್ಲ. ಆ್ಯಪ್‌ನವರು ಕೊಡುವ ಚೀಟಿಯ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಒಂದು ಪಿನ್ ಸಂಖ್ಯೆ, ಗಾಡಿಯವರ ಯಂತ್ರ ಮಾತ್ರ ಓದುವ ಒಂದು ಕಪ್ಪು ಬಿಳುಪು ಚೌಕ. ಪಿನ್ ನೋಡಿದರೆ ಮೈಸೂರಿನ ಕಡೆಯದು. ಅಷ್ಟು ದೊಡ್ಡ ಊರಿನಲ್ಲಿ ಯಾವುದೋ ಒಂದು ಮನೆಯಲ್ಲಿ ಒಂದು ಕೂಸು. ನಮ್ಮ ಹತ್ತಿರ ಇದ್ದದ್ದು ಅಷ್ಟೇ. ಗಿರಾಕಿ ನಮ್ಮವರಲ್ಲ, ಆ್ಯಪ್‌ನವರ ಸೊತ್ತು. ಗುರುತಿಲ್ಲದವರು ಬೇಕು ಎಂದು ನಾವೇ ಹುಡುಕಿಕೊಂಡು ಹೋದ ವ್ಯಾಪಾರವಿದು.

ಆ್ಯಪ್‌ನ ಸಹಾಯವಾಣಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ ಎನ್ನುವ ಹೆಣ್ಣುದನಿ. ಯಾವ ಗುಂಡಿ ಒತ್ತಿದರೂ ಸೂಜಿಗೊಂದು ದಾರಿ ಇರಲಿಲ್ಲ. ಕೊನೆಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ನನ್ನ ಮೇಲೇ ನಾನು ಕೊಟ್ಟ ದೂರು. ಈ ಪಾರ್ಸೆಲ್ ನಿಲ್ಲಿಸಿ, ಇದರಲ್ಲಿ ಸೂಜಿ ಇರಬಹುದು ಎಂದು ಬರೆದೆ. ದೂರು ನೋಂದಾಯಿತವಾಗಿದೆ, ದೋಷ ಕಾಣುವಂತೆ ಫೋಟೊ ಲಗತ್ತಿಸಿ ಎಂದು ಉತ್ತರ ಬಂತು. ಕಳೆದುಹೋದ ಸೂಜಿಯ ಫೋಟೊ ಎಲ್ಲಿಂದ ತರಲಿ? ಬೇರೊಂದು ಸೂಜಿಯ ಫೋಟೊ ತೆಗೆದು ಕಳಿಸಿದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಪಾರ್ಸೆಲ್ ಮಾತ್ರ ನಡೆಯುತ್ತಲೇ ಇತ್ತು. ಕಲಬುರಗಿ ಬಿಟ್ಟಿದೆ, ಬೆಂಗಳೂರು ತಲುಪಿದೆ, ಮೈಸೂರು ತಲುಪಿದೆ ಎಂದು ಫೋನಿನಲ್ಲಿ ತೋರಿಸುತ್ತಿತ್ತು. ಅದು ಎಲ್ಲಾದರೂ ಕಳೆದುಹೋಗಲಿ ಎಂದು ಹರಕೆ ಹೊತ್ತೆ. ಬೇರೆ ದಿನಗಳಲ್ಲಿ ಎಷ್ಟು ಪಾರ್ಸೆಲ್ ಕಳೆದು ನಮ್ಮ ಹೊಟ್ಟೆ ಉರಿಸಿದ್ದರು, ಇದೊಂದನ್ನು ಎಲ್ಲಿಯೂ ಕಳೆಯಲಿಲ್ಲ. ಒಂದು ಮಧ್ಯಾಹ್ನ 'ತಲುಪಿಸಲಾಗಿದೆ' ಎಂದು ಬಂತು, ಪಕ್ಕದಲ್ಲಿ ಹಸಿರು ಗುರುತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಊಟ ರುಚಿಸುತ್ತಿರಲಿಲ್ಲ. ಪಕ್ಕದ ಮನೆಯ ಕೂಸು ಅತ್ತರೆ ಎದೆ ಧಸಕ್ಕೆನ್ನುತ್ತಿತ್ತು, ಅಳು ನಿಂತರೆ ಇನ್ನೂ ಹೆಚ್ಚು. ಗಂಡ ಏನು ಕೇಳಿದರೂ ಕಚ್ಚುವಂತೆ ಮಾತಾಡುತ್ತಿದ್ದೆ, ಪಾಪ ಅವರು ಬೇಗ ಎದ್ದು ಡ್ಯೂಟಿಗೆ ಹೋಗಿಬಿಡುತ್ತಿದ್ದರು. ಆಯಿ ತನ್ನ ಅಂಗಳದ ಪರಸಿಗಲ್ಲಿನ ಸಂದುಗಳನ್ನು ಕೆದರಿಸಿ ನೋಡಿದ್ದಳು. ಮೈದುನನ ಅಂಗಡಿಯ ದರ್ಜಿ ಟಾಚಣಿ, ಅಂದರೆ ಗುಂಡುಸೂಜಿ, ಎತ್ತಲು ಬಳಸುವ ಅಯಸ್ಕಾಂತವನ್ನು ಕಳಿಸಿಕೊಟ್ಟೆವು. ಅದನ್ನು ಅಂಗಳದ ತುಂಬ ಎಳೆದಾಡಿದರು. ಹಳೆಯ ಮೊಳೆಗಳು ಸಿಕ್ಕವು, ಒಂದು ಕಾಲುಂಗುರ ಅಂಟದೆ ಬದಿಗೆ ಹೊರಳಿತಂತೆ. ಸೂಜಿ ಸಿಗಲಿಲ್ಲ. ಖಾಲಿ ಹೊಟ್ಟೆಯ ಕೌದಿ ಕಳಿಸಿದ್ದಕ್ಕೇ ಹೀಗಾಯಿತು ಎಂದು ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಓದಿದವಳು, ಇಂಥದ್ದನ್ನು ನಂಬುವವಳಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗ ಮೈ ಝುಮ್ಮೆಂದದ್ದು ಸುಳ್ಳಲ್ಲ.

ನೆಗೆಣ್ಣಿ ಒಂದು ದಿನ ಸುರಪುರಕ್ಕೆ ಬಂದಳು. ನಾನು ದುಡುಕಿ ಎಲ್ಲ ಕಡೆ ಹೇಳಿಬಿಟ್ಟೇನು ಎಂದು ಹೆದರಿಯೇ ಬಂದಿದ್ದಳು. ದೂರು ಕೊಟ್ಟಾಯಿತು, ಅವರು ಕೇಳಲಿಲ್ಲ, ಇನ್ನು ಸುಮ್ಮನಿರು ಎಂಬುದು ಅವಳ ವಾದ. "ಸೂಜಿ ಅಲ್ಲೇ ಎಲ್ಲೋ ಬಿದ್ದಿರ್ತದ ಅಕ್ಕಾ. ಇಲ್ಲದ್ದು ಅದ ಅಂತ ಊರಿಗೆಲ್ಲಾ ಹೇಳಿ, ಇಷ್ಟ್ ಮಂದಿ ಹೆಣ್ಮಕ್ಕಳ ಕೈ ಕಟ್ಟಬ್ಯಾಡ" ಎಂದಳು. ಅವಳು ಕೆಟ್ಟವಳಲ್ಲ. ಅವಳ ಕಣ್ಣೆದುರು ದೋರನಹಳ್ಳಿಯ ಆ ನರ್ಸಿಂಗ್ ಹುಡುಗಿ ಇದ್ದಳು, ನನ್ನ ಕಣ್ಣೆದುರು ಹೆಸರು ಗೊತ್ತಿಲ್ಲದ ಕೂಸಿತ್ತು.

ಅವಳು ಇರುವಾಗಲೇ ಫೋನ್ ಟಿಣ್ ಎಂದಿತು. ಮೂರನೆಯ ಕೌದಿಗೆ ರಿವ್ಯೂ ಬಂದಿತ್ತು. ಐದಕ್ಕೆ ಐದು ಸ್ಟಾರ್. ಕೆಳಗೆ ಬರೆದಿದ್ದರು: 'ತುಂಬಾ ಮೃದುವಾಗಿದೆ. ನಮ್ಮ ಪಾಪು ಈಗ ಇದಿಲ್ಲದೆ ಮಲಗೋದೇ ಇಲ್ಲ.' ಜೊತೆಗೊಂದು ಫೋಟೊ. ಕೌದಿಯ ಮೇಲೆ ಬೋರಲಾಗಿ ಮಲಗಿದ ಕೂಸು, ಕೆನ್ನೆ ಹೊಲಿಗೆಗೆ ಒತ್ತಿಕೊಂಡಿದೆ, ಮುಷ್ಟಿಯಲ್ಲಿ ಕೌದಿಯ ಒಂದು ಮೂಲೆ ಹಿಡಿದಿದೆ.

ಜನ ಐದು ಸ್ಟಾರ್ ಕೊಡಲಿ ಎಂದು ಎಷ್ಟು ಬೇಡಿಕೊಂಡಿದ್ದೆವು! ಈ ಐದು ಮಾತ್ರ ನನಗೆ ಬೇಡವಾಗಿತ್ತು. ಫೋಟೊವನ್ನು ಹಿಗ್ಗಿಸಿದೆ. ಕೆನ್ನೆಯ ಹತ್ತಿರ ಹಿಗ್ಗಿಸಿದೆ, ಮುಷ್ಟಿಯ ಹತ್ತಿರ ಹಿಗ್ಗಿಸಿದೆ. ಹಿಗ್ಗಿದಷ್ಟೂ ಎಲ್ಲ ಮಸುಕಾಗುತ್ತಿತ್ತು. ನೆಗೆಣ್ಣಿ ನನ್ನ ಭುಜದ ಮೇಲಿನಿಂದ ನೋಡುತ್ತಿದ್ದಳು.

ಆ ತಾಯಿಗೂ ನಮಗೂ ನಡುವೆ ಇದ್ದದ್ದು ಒಂದೇ ಕಿಂಡಿ. ರಿವ್ಯೂ ಕೆಳಗೆ ಮಾರುವವರು ಒಮ್ಮೆ ಉತ್ತರ ಬರೆಯಬಹುದು. ಸಾಮಾನ್ಯವಾಗಿ ನಾವು ಅಲ್ಲಿ ಧನ್ಯವಾದ ಎಂದು ಬರೆದು ಎರಡು ಹೂವು ಹಾಕುತ್ತಿದ್ದೆವು. ಅದನ್ನು ಆ ತಾಯಿಯೊಬ್ಬಳೇ ಓದುವುದಿಲ್ಲ. ನಮ್ಮ ಅಂಗಡಿಗೆ ಬಂದವರೆಲ್ಲ ಓದುತ್ತಾರೆ, ಕೊಳ್ಳಬೇಕೋ ಬೇಡವೋ ಎಂದು ನೋಡುವವರು ಮೊದಲು ಓದುವುದೇ ಅದನ್ನು. ಅಲ್ಲಿ ಸೂಜಿ ಎಂಬ ಮಾತು ಬರೆದರೆ ಕೂಸಿನ ಕೌದಿಯ ವ್ಯಾಪಾರ ಅಲ್ಲಿಗೇ ಮುಗಿಯಿತು. ಯಾವ ತಾಯಿ ಕೊಂಡಾಳು? ನಾನಾದರೂ ಕೊಳ್ಳುತ್ತಿರಲಿಲ್ಲ.

ನೆಗೆಣ್ಣಿ ತಡೆದರೆ ಜಗಳವಾಡಲು ನಾನು ತಯಾರಾಗಿದ್ದೆ. ಅವಳು ತಡೆಯಲಿಲ್ಲ. "ನೀ ಬರಿ. ನಾ ನೋಡಂಗಿಲ್ಲ" ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ಹಾಕಿ ಕುಳಿತಳು.

ಬರೆದೆ. ತಾಯಿ, ಈ ಕೌದಿಯಲ್ಲಿ ಒಂದು ಸೂಜಿ ಉಳಿದಿರಬಹುದು. ಕೂಸಿನ ಮೈಯಿಂದ ಈಗಲೇ ದೂರ ತೆಗೆದಿಡಿ. ನಮಗೆ ಫೋನ್ ಮಾಡಿ. ಅದರ ಮುಂದೆ ನನ್ನ ನಂಬರ್ ಹಾಕಿದೆ. ಒತ್ತಿದ ಕೂಡಲೇ ಆ್ಯಪ್ ತಿರಸ್ಕರಿಸಿತು. ಉತ್ತರದಲ್ಲಿ ಅಂಕಿಗಳು ಇರುವಂತಿಲ್ಲ. ಮಾರುವವರು ಗಿರಾಕಿಗಳನ್ನು ನೇರವಾಗಿ ಎಳೆದುಕೊಳ್ಳಬಾರದಲ್ಲ, ಅದಕ್ಕೆ ಆ ನಿಯಮ. ಅಂಕಿಗಳನ್ನು ಅಕ್ಷರದಲ್ಲಿ ಬರೆದೆ. ಅದನ್ನೂ ಗುರುತು ಹಿಡಿದು ತಿರಸ್ಕರಿಸಿತು. ಊರಿನ ಹೆಸರು ಬರೆದೆ, ಅದೂ ಬೇಡವಂತೆ. ಇಷ್ಟೆಲ್ಲ ಗುರುತು ಹಿಡಿಯುವ ಯಂತ್ರಕ್ಕೆ ಸೂಜಿ ಎಂಬ ಮಾತು ಮಾತ್ರ ಏನೂ ಅನ್ನಿಸಲಿಲ್ಲ. ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆದರೆ ಆ ಕಿಂಡಿಯೂ ಹೋಗುತ್ತದೆ ಎಂದು ಎದೆಗೆ ಒತ್ತಿ ಹಿಡಿದುಕೊಂಡೆ. ಕೊನೆಗೆ ಮೊದಲಿನ ಎರಡು ಸಾಲು ಮಾತ್ರ ಬಿಟ್ಟು ಉಳಿದದ್ದೆಲ್ಲ ಅಳಿಸಿದ ಮೇಲೆ ಅದು ಒಪ್ಪಿಕೊಂಡಿತು.

ಮರುದಿನದಿಂದಲೇ ಆರ್ಡರ್ ನಿಂತವು. ಬಂದಿದ್ದ ಆರ್ಡರ್‌ಗಳನ್ನೂ ಜನ ರದ್ದು ಮಾಡಿದರು. ಅಷ್ಟು ದಿನ ಬಾಯಿಬಿಡದ ಆ್ಯಪ್‌ನವರು ಈಗ ಬಹಳ ಬೇಗ ಬರೆದರು. ಸುರಕ್ಷತೆಯ ಕಾರಣಕ್ಕೆ ನಮ್ಮ ಅಂಗಡಿಯನ್ನು ಮುಚ್ಚಲಾಗಿದೆ ಎಂದು. ನಾನೇ ಕಕ್ಕೇರಾಕ್ಕೂ ದೋರನಹಳ್ಳಿಗೂ ಹೋಗಿ ಹೇಳಿದೆ. ಯಾರೂ ನನಗೆ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು. ಬಟ್ಟೆಯ ಗಂಟುಗಳನ್ನು ತಂದು ನನ್ನ ಮುಂದಿಟ್ಟು, ಚಹಾ ಕೊಟ್ಟರು. ನರ್ಸಿಂಗ್ ಹುಡುಗಿಯ ತಾಯಿ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದು, ಬಟ್ಟೆಯ ಗಂಟನ್ನು ಬಸ್ಸಿನೊಳಗೆ ಇಟ್ಟುಕೊಟ್ಟು ಹಿಂದಿರುಗಿದಳು. ನೆಗೆಣ್ಣಿ ಶಹಾಪುರಕ್ಕೆ ಹೋದವಳು ಫೋನ್ ಮಾಡಲಿಲ್ಲ. ಅವಳಿಗೆ ಸಿಟ್ಟು ಬಂದಿದೆ ಎಂದುಕೊಂಡೆ.

ಇಷ್ಟಾದರೂ ಆ ತಾಯಿ ಅದನ್ನು ಓದಿದಳೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ. ರಿವ್ಯೂ ಬರೆದ ಮೇಲೆ ಯಾರು ಮತ್ತೆ ತಿರುಗಿ ನೋಡುತ್ತಾರೆ? ನಾನಂತೂ ಎಂದೂ ನೋಡಿದವಳಲ್ಲ. ಅಂಗಡಿ ಮುಚ್ಚಿದ್ದರೂ ಹಳೆಯ ರಿವ್ಯೂಗಳು ನಮಗೂ ಬರೆದವರಿಗೂ ಕಾಣುತ್ತಿದ್ದವು. ಎದ್ದು ಮುಖ ತೊಳೆಯುವ ಮೊದಲು ಅದನ್ನು ತೆರೆಯುತ್ತಿದ್ದೆ. ಐದು ಸ್ಟಾರ್ ಹಾಗೇ ಹೊಳೆಯುತ್ತಿದ್ದವು. ಕೂಸು ಹಾಗೇ ಮಲಗಿತ್ತು. ಅದರ ಕೆಳಗೆ ನನ್ನ ಎರಡು ಸಾಲು. ಊರಿಗೆಲ್ಲ ಡಂಗುರ ಹೊಡೆದು, ಹೇಳಬೇಕಾದ ಒಬ್ಬಳಿಗೆ ಮಾತ್ರ ಹೇಳದೆ ಬಿಟ್ಟಂತಾಯಿತಲ್ಲ ಎನ್ನಿಸುತ್ತಿತ್ತು. ಆಯಿ ಪಕ್ಕದ ಮನೆಯವರ ಫೋನಿನಿಂದ ದಿನವೂ ಮಾತಾಡುತ್ತಿದ್ದಳು. ಕೆಲಸ ಯಾವಾಗ ಶುರು ಎಂದು ಕೇಳುತ್ತಿರಲಿಲ್ಲ. ಆಕೆ ಓದಿದಳೇನು ಎಂದಷ್ಟೇ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ನೆಗೆಣ್ಣಿ ಹೇಳದೆ ಕೇಳದೆ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣು ಕೆಂಪಾಗಿದ್ದವು. ಸಿಟ್ಟಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಅವಳೂ ಅಲ್ಲಿ ದಿನಾ ಅದೇ ಪುಟ ತೆರೆದು ನೋಡುತ್ತಿದ್ದಳಂತೆ. ಒಬ್ಬಳೇ ನೋಡಲು ಅಂಜಿಕೆಯಾಗುತ್ತದೆ ಎಂದು ಬಸ್ಸು ಹತ್ತಿ ಬಂದಿದ್ದಳು. ನಾನು ಪಕ್ಕದಲ್ಲಿ ಕುಳಿತು ಫೋನ್ ತೆರೆದೆ.

ಫೋಟೊ ಇರಲಿಲ್ಲ. ಆ ತಾಯಿ ಬರೆದ ಮಾತೂ ಇರಲಿಲ್ಲ. ಐದು ಸ್ಟಾರ್ ಇದ್ದ ಕಡೆ ಒಂದೇ ಒಂದು ಉಳಿದಿತ್ತು.

ನೆಗೆಣ್ಣಿ ಫೋನ್ ಕಿತ್ತುಕೊಂಡು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಓದ್ಯಾಳಕ್ಕಾ" ಎಂದಳು. "ಕೂಸಿನ ಮೈಮ್ಯಾಲಿಂದ ತೆಗದಾಳ."

ಆ ಕೌದಿಯಲ್ಲಿ ಸೂಜಿ ಇತ್ತೋ ಇಲ್ಲವೋ ನನಗೆ ಈ ಹೊತ್ತಿಗೂ ಗೊತ್ತಿಲ್ಲ. ಆ ಒಂದು ಸ್ಟಾರನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಬೀದಿಯವರು ನೋಡುವಂತೆ ಅತ್ತೆವು. ಆಮೇಲೆ ನಾನು ಆಯಿಗೆ ಹೇಳಲು ಕಕ್ಕೇರಾಕ್ಕೆ ಫೋನ್ ಹಚ್ಚಿದೆ.